ಕಿಟಕಿಯ ಹೊರಗಿನ ಹಾಜರಿ

ಜೂನ್ ಹನ್ನೆರಡು

ಪ್ರೀತಿಯ ಅಕ್ಕಾ,

ನೀನೂ ಭಾವನೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಪತ್ರ ತಡವಾಯಿತು, ಬೈಯಬೇಡ. ಪಂಕ್ಚರ್ ಅಂಗಡಿ ಬಿಟ್ಟು ಮೋಟಾರ್ ರಿಪೇರಿಗೆ ಸೇರಿದ್ದೇನೆ. ಇಲ್ಲಾದರೂ ಎಷ್ಟು ದಿನವೋ, ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ.

ಶಾಲೆಯ ಹಿಂದಿನ ಕೊಳ ಮುಚ್ಚಿ ಸಭಾಭವನ ಕಟ್ಟಿದರು. ನಿಮ್ಮ ಟೀಚರ್ ಕಪ್ಪೆಯ ಪಾಠ ಮಾಡುತ್ತಿದ್ದ ಮೆಟ್ಟಿಲೂ ಮಣ್ಣಿನಡಿ ಹೋಯಿತು. ಆಮೇಲೆ ನಮ್ಮ ಬೀದಿಯ ಬಾವಿಯೂ ಬತ್ತಿತು. ಈಗ ನೀರಿಗೆ ಗುಡ್ಡದಾಚೆ ಹೋಗಬೇಕು. ಅಮ್ಮನ ಸೊಂಟ ಹಿಡಿದುಕೊಂಡಿದೆ. ಕೊಡ ನಮ್ಮ ಚಿಕ್ಕ ತಂಗಿಯ ತಲೆಗೆ ಬಂತು, ಓದು ಎಂಟನೇ ಕ್ಲಾಸಿಗೇ ನಿಂತಿತು.

ನೀನ್ಯಾಕೆ ಹೊರಲಿಲ್ಲ ಅನ್ನುತ್ತೀಯ. ಒಂದು ದಿನ ಹೊರಟೆ. ಅಮ್ಮ ಸೊಂಟ ಹಿಡಿದುಕೊಂಡೇ ಓಡಿಬಂದು ಕೊಡ ಕಿತ್ತುಕೊಂಡಳು. "ಗಂಡುಹುಡುಗ ನೀರು ಹೊತ್ರೆ ಜನ ಏನಂತಾರೆ? ನಾನಿನ್ನೂ ಸತ್ತಿಲ್ಲ ಕಣೋ!" ಪಕ್ಕದ ಮನೆ ಅತ್ತೆ ಬೇರೆ, "ಸೀರೆನೂ ತಂದ್ಕೊಡ್ಲೇನಪ್ಪಾ?" ಅಂದರು. ಮರುದಿನ ಮತ್ತೆ ಎತ್ತಿದೆ, ಅಮ್ಮ ಊಟ ಬಿಟ್ಟು ಕೂತಳು. ಸೋತೆ.

ಕಳೆದ ವಾರ ಪರಿಸರ ದಿನ. ಹೆಡ್‌ಮಾಸ್ಟರು ಮನೆಗೇ ಬಂದು, "ಹುಡುಗೀನ ಕಳಿಸಿ" ಅಂದರು. ಅವಳ ಮುಖ ನೋಡಬೇಕಿತ್ತು! ಯೂನಿಫಾರ್ಮಿಗೆ ಇಸ್ತ್ರಿ, ಎರಡು ಜಡೆ, ಚೀಲದ ತುಂಬಾ ಪುಸ್ತಕ. ಅಲ್ಲಿ ಚೀಲ ಇಳಿಸಿ ಕೈಗೆ ಕೊಡ ಕೊಟ್ಟರಂತೆ. "ನಿನ್ ಥರ ಚೆಲ್ಲದೆ ಹೊರೋರಿಲ್ಲಮ್ಮ." ಹೆಣ್ಣು, ಪ್ರಕೃತಿ ಎರಡೂ ತಾಯಿ ಅನ್ನುವ ಭಾಷಣಕ್ಕೆ ಹುಡುಗರು ನೆರಳಲ್ಲಿ ಕೂತು ಚಪ್ಪಾಳೆ ತಟ್ಟಿದರು. ಇವಳು ಭವನದ ಸುತ್ತ ನೆಟ್ಟ ಸಸಿಗಳಿಗೆ ನೀರು ಹಾಕಿದಳು.

ಈಗ ದಿನಾ ಹಾಕಬೇಕಂತೆ. ಬದಲಿಗೆ ಶಾಲೆಯ ಟ್ಯಾಂಕಿನಿಂದ ಮನೆಗೊಂದು ಕೊಡ. ಅಮ್ಮನಿಗೆ ಅದೇ ದೊಡ್ಡದು. ನಾನು ಹೆಡ್‌ಮಾಸ್ಟರ ಹತ್ತಿರ ಜಗಳಕ್ಕೆ ಹೋದೆ.

"ಅವಳನ್ನ ಕ್ಲಾಸಲ್ಲಿ ಕೂರಿಸಿ ಸಾರ್."

"ಕೂರ್ಲಿ, ಬೇಡ ಅಂದೋರ್ಯಾರು? ಗಿಡಕ್ಕೆ ನೀರು ಯಾರು ಹಾಕ್ತಾರೆ?"

"ನಾನ್ ಹಾಕ್ತೀನಿ."

ಸ್ಟಾಫ್ ರೂಮೆಲ್ಲ ನಕ್ಕಿತು.

ಭಾವನಿಗೆ ನಮಸ್ಕಾರ. ನಿನ್ನ ಮಗಳಿಗೆ ಮಾವನ ಮುತ್ತು. ಅವಳ ಓದು ಯಾವ ಕೊಡಕ್ಕೂ ಸಿಗದಿರಲಿ.

ನಿನ್ನ
ತಮ್ಮ

ತಾ.ಕ: ಮರೆತಿದ್ದಲ್ಲ, ಮೇಲೆ ಬರೆಯೋಕೆ ಆಗಲಿಲ್ಲ. ಅವಳ ಹೆಸರನ್ನು ಶಾಲೆಯವರು ಇನ್ನೂ ತೆಗೆದಿಲ್ಲ. ನಿನ್ನೆ ಕಿಟಕಿಯ ಕೆಳಗೆ ನೀರು ಹಾಕುವಾಗ ಒಳಗೆ ಹಾಜರಿ ಕೂಗುತ್ತಿದ್ದರಂತೆ. ತನ್ನ ಹೆಸರು ಬಂದ ತಕ್ಷಣ ಹೊರಗಿನಿಂದಲೇ "ಇದೀನಿ ಟೀಚರ್!" ಅಂದುಬಿಟ್ಟಳಂತೆ. ಕ್ಲಾಸೆಲ್ಲ ಗೊಳ್ಳೆಂದಿತಂತೆ. ಟೀಚರ್ "ಗೈರುಹಾಜರಿ" ಅಂದು ಮುಂದಿನ ಹೆಸರು ಕೂಗಿದರಂತೆ. ಹೇಳುವಾಗ ಅವಳೂ ನಗುತ್ತಿದ್ದಳು ಅಕ್ಕಾ. ಇವತ್ತು ನೋಡಿದರೆ ತನ್ನ ಯೂನಿಫಾರ್ಮನ್ನೇ ಹರಿದು, ಕೊಡದ ಕೆಳಗಿಡೋಕೆ ಸಿಂಬಿ ಸುತ್ತಿಕೊಂಡಿದ್ದಾಳೆ.