ಬಾಗಿಲ ಮೇಲಿನ ಕೆಂಪು ದುಪಟ್ಟಾ

೨೧ ಏಪ್ರಿಲ್ ೨೦೨೦, ಮಂಗಳವಾರ. ಪುಣೆ.

ಇವತ್ತು ಆಯಿ, ನನ್ನ ಅತ್ತೆ, ಬಚ್ಚಲಲ್ಲಿ ಜಾರಿ ಬಿದ್ದು ಮುಕ್ಕಾಲು ಗಂಟೆ ಅಲ್ಲೇ ಇದ್ದರು. ನಾನು ಗೋಡೆಯ ಈಚೆ, ಅವರದೇ ಹೊಲಿಗೆ ಯಂತ್ರದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಯಾರದೋ ವಿಮೆಯ ದೂರು ಫೋನಿನಲ್ಲಿ ಕೇಳುತ್ತಿದ್ದೆ; ಲಾಕ್‌ಡೌನ್ ಶುರುವಾದಾಗಿನಿಂದ ಕಾಲ್ ಸೆಂಟರ್ ಕೆಲಸ ಮನೆಯಿಂದಲೇ.

ಹೋದ ವಾರ ಫೋನಿನಲ್ಲಿ ಕುಕ್ಕರ್ ಸೀಟಿ ಕೇಳಿಸಿತೆಂದು ಆಫೀಸಿನ ಸಾಹೇಬರು ಆನ್‌ಲೈನ್ ಮೀಟಿಂಗಿನಲ್ಲಿ ಎಲ್ಲರೆದುರು ಬೈದಿದ್ದರು. ಅವತ್ತೇ ಆಯಿಗೆ ತಾಕೀತು ಮಾಡಿದ್ದೆ, ಬಾಗಿಲಿಗೆ ಕೆಂಪು ದುಪಟ್ಟಾ ಹಾಕಿದ್ದರೆ ನಾನು ಫೋನಿನಲ್ಲಿದ್ದೇನೆ, ಸದ್ದು ಮಾಡಬಾರದು ಎಂದು.

"ಒಂದ್ಸಲ ಕೂಗಬಾರ್ದಿತ್ತಾ ಆಯಿ?"

"ದುಪಟ್ಟಾ ಇತ್ತಲ್ಲೇ ವೃಷಾಲಿ. ಕೂಗಿ ನಿನ್ನ ಕೆಲ್ಸ ಕಳೀಲಾ?" ಎಂದು ನಕ್ಕರು.

ಅವರ ಸೆರಗಿನ ತುದಿಯಲ್ಲಿ ಹಲ್ಲಿನ ಗುರುತಿತ್ತು. ನರಳಿದ್ದು ನನ್ನ ಫೋನಿಗೆ ಕೇಳಿಸದಿರಲೆಂದು ಕಚ್ಚಿಕೊಂಡಿದ್ದರಂತೆ.

ತಲೆಗೆ ಪೆಟ್ಟಾಗಿದೆ, ರಾತ್ರಿ ಗಂಟೆಗೊಮ್ಮೆ ಎಬ್ಬಿಸಿ ಮಾತಾಡಿಸಿ ಎಂದು ಡಾಕ್ಟರು ಫೋನಿನಲ್ಲೇ ಹೇಳಿದ್ದಾರೆ. ಎರಡು ಸಲ ಎಬ್ಬಿಸಿದೆ. "ಬದ್ಕಿದೀನಿ, ಹೋಗಿ ಮಲಕ್ಕೋ" ಎಂದು ಗದರಿದರು.

ದುಪಟ್ಟಾವನ್ನು ಆಗಲೇ ಕಿತ್ತು ಬಿಸಾಡಿದ್ದೇನೆ. ಬಾಗಿಲು ತೆರೆದೇ ಇದೆ. ಆದರೂ ಅವರ ಗೊರಕೆ ಕೇಳಿಸುತ್ತಿಲ್ಲ. ನಾನೇ ಕೇಳಿ ಪಡೆದ ಮೌನ. ಎದ್ದು ಹೋಗಿ ನೋಡಬೇಕು, ನಾಲ್ಕೇ ಹೆಜ್ಜೆ, ಆದರೆ ಏಳದೆ ಇದನ್ನೇ ಬರೆಯುತ್ತಾ ಕೂತಿದ್ದೇನೆ.