ಗಡಿಯಾರದ ಹಿಂದಿನ ಕೀಲಿ

ಹಾಸ್ಟೆಲ್, ರೂಮ್ ನಂಬರ್ 14
18ನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕ,

ನೀನೂ ಭಾವನೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೀನಿ. ನಿನ್ನ ಎರಡು ಕಾಗದ ಬಂದು ಮೇಜಿನ ಮೇಲೇ ಕೂತಿವೆ, ಸಾರಿ. ಫೋನ್ ಮಾಡಬಹುದಿತ್ತು. ಆದರೆ ನಿನ್ನ "ಏನೋ ಮರಿ" ಕೇಳಿದ ತಕ್ಷಣ ಫೋನ್ ಇಟ್ಟುಬಿಡ್ತೀನಿ, ಅದಕ್ಕೇ ಬರೀತಿದ್ದೀನಿ. ಅಕ್ಷರ ನೋಡಿ ಬೈಬೇಡ.

ಪೆನ್ಸಿಲ್ ಕಾಣೆಯಾಗಿ ಇವತ್ತಿಗೆ ಐದು ದಿನ. ನನ್ನ ರೂಮ್‌ಮೇಟ್, ಕಡ್ಡಿ ಹಾಗಿದ್ದಾನೆ, ಕಿವಿಗೆ ಯಾವಾಗಲೂ ಪೆನ್ಸಿಲ್ ಸಿಕ್ಕಿಸಿಕೊಂಡಿರ್ತಾನೆ ಅಂತ ಬರೆದಿದ್ದೆನಲ್ಲ, ಅವನೇ. ಬುಧವಾರ ಬೆಳಿಗ್ಗೆ ಕ್ಲಾಸಿಗೆ ಅಂತ ಹೊರಟವನು ಕ್ಲಾಸಿಗೂ ಹೋಗಿಲ್ಲ, ಮನೆಗೂ ಹೋಗಿಲ್ಲ. ಫೋನ್ ದಿಂಬಿನ ಕೆಳಗೇ ಇತ್ತು.

ಮೊದಲು ಆಟದ ವಿಷಯ ಹೇಳಿಬಿಡ್ತೀನಿ, ಈಗ ಆಟದ ಮಾತಾ ಅನ್ನಬೇಡ. ನೀನು ಕಲಿಸಿದ ದಾಳದ ಆಟವನ್ನೇ ಇಲ್ಲಿ ಆಡಿಸ್ತಿದ್ದೆ. ಕಥೆ ಹೇಳೋನು ನಾನು. ಪೆನ್ಸಿಲ್ ಮತ್ತು ಪಕ್ಕದ ರೂಮಿನ ಇಬ್ಬರು ಕಥೆಯೊಳಗಿನ ಪಾತ್ರಗಳು. ಒಂದು ಪಾಳು ಬಂಗಲೆ, ಅದರಲ್ಲಿ ಬೀಗ ಹಾಕಿದ ಬಾಗಿಲು, ಕೀಲಿ ಗೋಡೆ ಗಡಿಯಾರದ ಹಿಂದೆ. ಗಡಿಯಾರದ ಹಿಂದೆ ನೋಡ್ತೀನಿ ಅಂದ ಪೆನ್ಸಿಲ್. ಸರಿಯಾದ ಜಾಗವನ್ನೇ ಹೇಳಿದ್ದ. ನಾನು, ದಾಳ ಹಾಕು ಅಂದೆ. ಇಪ್ಪತ್ತು ಮುಖದ ದಾಳ, ಕಮ್ಮಿ ಬಿದ್ದರೆ ಸಿಗಲ್ಲ ಅಂತ ಲೆಕ್ಕ. ನಾಲ್ಕು ಬಿತ್ತು. ಏನೂ ಸಿಗಲಿಲ್ಲ ಅಂದುಬಿಟ್ಟೆ. ನಾಲ್ಕು ವಾರ ಅಲ್ಲೇ ಸುತ್ತಿದರು. ಇನ್ಮೇಲೆ ನಮಗೆ ಈ ಬಂಗಲೆ ಅಡ್ರೆಸ್ಸಿಗೇ ಕಾಗದ ಹಾಕು ಅಂತ ಗೇಲಿ ಮಾಡಿ ಪಕ್ಕದ ರೂಮಿನವರು ಆಟ ಬಿಟ್ಟರು. ಪೆನ್ಸಿಲ್ ಮಾತ್ರ ಬಂದು ಕೂರ್ತಿದ್ದ.

ನೀನು ಮೊದಲೇ ಹೇಳಿದ್ದೆ. ಕಥೆ ಮುಂದೆ ಹೋಗೋಕೆ ಬೇಕೇ ಬೇಕಾದ್ದನ್ನ ದಾಳದ ಕೈಗೆ ಕೊಡಬೇಡ, ಸರಿಯಾದ ಜಾಗ ನೋಡಿದವರಿಗೆ ಕೊಟ್ಟುಬಿಡು. ದಾಳ ಏನಿದ್ದರೂ ಎಷ್ಟು ಹೊತ್ತು ಹಿಡೀತು, ಯಾರಾದರೂ ನೋಡಿದರಾ ಅನ್ನೋದಕ್ಕೆ ಅಂತ. ನನಗೆ ಜಂಭ. ಸುಲಭವಾಗಿ ಕೊಟ್ಟರೆ ಆಟಕ್ಕೇನು ಬೆಲೆ ಅಂದುಕೊಂಡೆ.

ಶುಕ್ರವಾರ ಅವನ ಅಪ್ಪ ಬಂದರು. ಟೈಲರ್. ಅಳತೆ ಟೇಪು ಕುತ್ತಿಗೆಯಲ್ಲೇ ಇತ್ತು, ತೆಗೆಯೋದನ್ನೂ ಮರೆತು ಬಸ್ ಹತ್ತಿದ್ದರು. ಅವನ ಮಂಚದ ಮೇಲೆ ಕೂತು, ಬೆಡ್‌ಶೀಟಿನ ಬಿಚ್ಚಿದ ಹೊಲಿಗೆ ಮೇಲೆ ಬೆರಳಾಡಿಸುತ್ತಾ ಕೇಳಿದರು: "ಮಗಾ, ಜೊತೆಗೇ ಇದ್ದೋನು ನೀನು. ನಿನಗೇನೂ ಕಾಣಲಿಲ್ವಾ?"

ಇಲ್ಲ ಅಂಕಲ್, ಎಲ್ಲ ಹುಡುಕಿದೆ, ಏನೂ ಸಿಗಲಿಲ್ಲ ಅಂದೆ. ವಾರ್ಡನ್ ಹೇಳಿದರು ಅಂತ ಕಪಾಟು ಒಂದು ಸಲ ತೆಗೆದು ಮುಚ್ಚಿದ್ದೆ, ಅಷ್ಟೇ. ಇನ್ನೊಬ್ಬರ ಕಪಾಟಿಗೆ ಕೈ ಹಾಕಬಾರದು, ಯಾರಾದರೂ ಅತ್ತರೆ ಗೋಡೆ ಕಡೆ ತಿರುಗಿ ಮಲಗಬೇಕು ಅನ್ನೋದನ್ನ ಐದನೇ ಕ್ಲಾಸಿಂದ ಹಾಸ್ಟೆಲಲ್ಲೇ ಕಲಿತವನು ನಾನು.

ಅವರು ಮುಖ ತೊಳೆಯೋಕೆ ಹೋದಾಗ ನಿನ್ನ ಮಾತು ತಲೆಗೆ ಬಂತು. ಸರಿಯಾದ ಜಾಗ. ಪೆನ್ಸಿಲ್ ಏನಾದರೂ ಬರೆದಿದ್ದರೆ ಎಲ್ಲಿ ಬರೆದಿರ್ತಾನೆ? ಆಟದ ಡಬ್ಬಿ ತೆಗೆದೆ. ಅವನು ತನ್ನ ಪಾತ್ರದ ವಿವರ ಬರೆದಿಟ್ಟ ಹಾಳೆಯ ಹಿಂಬದಿಯಲ್ಲಿ ಬಸ್ಸುಗಳ ಟೈಮು, ಸಮುದ್ರದ ಪಕ್ಕದ ಕೊನೇ ಸ್ಟಾಪಿನವರೆಗೆ. ವಾಪಸ್ ಬರೋ ಬಸ್ಸಿನ ಟೈಮು ಬರೆದಿರಲಿಲ್ಲ.

ಅಂಕಲ್ ಹಾಳೆ ಹಿಡಿದುಕೊಂಡು ಓಡಿದರು. ಇನ್ನೂ ಫೋನ್ ಬಂದಿಲ್ಲ. ಮೆಟ್ಟಿಲ ಮೇಲೆ ಯಾರ ಚಪ್ಪಲಿ ಸದ್ದಾದರೂ ಎದ್ದು ನಿಲ್ತೀನಿ.

ಭಾವನಿಗೆ ನಮಸ್ಕಾರ, ಪುಟ್ಟಿಗೆ ಮುತ್ತು. ಆಶೀರ್ವಾದ ಮಾಡೋದು ದೊಡ್ಡವಳಾದ ನಿನ್ನ ಕೆಲಸ. ಈ ಸಲ ನನ್ನ ಪಾಲಿನದನ್ನೂ ಅವನಿಗೇ ಮಾಡಿಬಿಡು.

ನಿನ್ನ
ಮರಿ

ತಾ.ಕ.: ಇದನ್ನ ಅಂಕಲ್‌ಗೆ ಹೇಳಿಲ್ಲ. ಮಂಗಳವಾರ ಸಂಜೆ ಅವನೇ ಆಟಕ್ಕೆ ಕರೆದ, ನಾವಿಬ್ಬರೇ. ಸ್ವಲ್ಪ ಹೊತ್ತಾದ ಮೇಲೆ, "ನನ್ನ ಮುಖ ನೋಡಿದರೆ ನಿನಗೇನಾದರೂ ಗೊತ್ತಾಗುತ್ತೇನೋ?" ಅಂದ. ನಾನು ನಕ್ಕು ದಾಳ ಉರುಳಿಸಿದೆ. ಮೂರು ಬಿತ್ತು. ಏನೂ ಕಾಣಿಸ್ತಿಲ್ಲ ಅಂದೆ. ಅವನು ದಾಳ ಎತ್ತಿ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದ. ಅವನ ಕಣ್ಣು ಕೆಂಪಗಿತ್ತು ಅಕ್ಕ. ದಾಳ ಹಾಕೋ ಮುಂಚೆಯೇ ನನಗೆ ಕಂಡಿತ್ತು.