ಹತ್ತಿಗೆ ಹಿಡಿಯದ ಬಣ್ಣ

ಧನ್ಯಾ,

ಇದನ್ನು ನಿನಗೆ ಕಳಿಸುವುದಿಲ್ಲ, ಹಾಗಾಗಿ ಸಿಟ್ಟು ಮುಚ್ಚಿಡದೆ ಬರೆಯುತ್ತೇನೆ.

ನಮ್ಮೂರು ಮಂಕಿಯ ಮೀನು ಮಾರುವ ಹೆಂಗಸರಿಗೆ ಸಂತೆಯಲ್ಲಿ ಸೂರು ಬೇಕೆಂದು ನಾಳೆ ಹೊನ್ನಾವರದಲ್ಲಿ ಧರಣಿ. ಅವರ ಅಂಗಿಗಳ ಮೇಲೆ ‘ನಮಗೂ ಸೂರು ಬೇಕು’ ಎಂದು ಮನೆಯ ಹೀಟ್ ಪ್ರೆಸ್‌ನಲ್ಲೇ ಅಚ್ಚು ಹಾಕಿದ್ದೆ. ಕಾಗದದ ಮೇಲೆ ಮುದ್ರಿಸಿ ಬಿಸಿಯಲ್ಲಿ ಬಟ್ಟೆಗೆ ಒತ್ತುವ ಈ ಬಣ್ಣ ಪಾಲಿಯೆಸ್ಟರಿಗೆ ಮಾತ್ರ ಹಿಡಿಯುತ್ತದೆ ಎಂದು ನೀನು ಹೇಳಿದ್ದೆ. ದುಡಿಯುವವರ ಮಾತನ್ನು ಪ್ಲಾಸ್ಟಿಕ್ ಬಟ್ಟೆಯ ಮೇಲೆ ಬರೆಯುವುದಿಲ್ಲ ಎಂದು ನಾನು ಹತ್ತಿಯನ್ನೇ ತಂದೆ. ನಿನ್ನನ್ನು ಕಂಪನಿಗಳ ಏಜೆಂಟ್ ಎಂದೆ. ದಿನವೂ ಜೊತೆಗೆ ನಿಂತು ಅಚ್ಚು ಹಾಕುತ್ತಿದ್ದ ನೀನು ಅಂದಿನಿಂದ ಬಂದಿಲ್ಲ.

ಇವತ್ತು ಮೀನು ಮಾರುವ ಗಣಪಿ ಚಿಕ್ಕಮ್ಮ ಒದ್ದೆ ಅಂಗಿ ಹಿಡಿದು ಬಂದರು. ಅಕ್ಷರಗಳು ಮಾಸಿಹೋಗಿದ್ದವು.

“ಎಂತದೇ ಇದು? ಒಂದ್ ಸಲ ತೊಳ್ದದ್ದೇ, ನಿನ್ನ ಹೋರಾಟ ಎಲ್ಲಾ ಬಾಲ್ದಿಲೇ ಹೋತು! ಆ ಧನ್ಯಾ ಎಲ್ಲಿ? ಅವ್ಳಿಗಾದ್ರೆ ಗೊತ್ತಿತ್ತು.”

ಅವಳಿಗೆ ಬೇರೆ ಕೆಲಸವಿದೆ ಎಂದೆ.

ಈ ಬಣ್ಣಕ್ಕೂ ಬಡವರ ಬಟ್ಟೆ ಬೇಡವಂತೆ! ಹಲ್ಲು ಕಚ್ಚಿಕೊಂಡು ಸಂಜೆ ಪಾಲಿಯೆಸ್ಟರ್ ಅಂಗಿಗಳನ್ನು ತಂದು ಒತ್ತಿದೆ. ಮೊದಲ ಕಾಗದ ಎತ್ತಿದಾಗ ಅಕ್ಷರಗಳು ಎಷ್ಟು ಗಾಢವಾಗಿ ಬಂದಿದ್ದವೆಂದರೆ, “ಏ, ನೋಡೇ ಇಲ್ಲಿ!” ಎಂದು ಕೂಗಿಬಿಟ್ಟೆ.

ಒಳಗಿನಿಂದ ಅಮ್ಮ ಕೇಳಿದಳು, “ಯಾರನ್ನೇ ಕರೀತಿದ್ದೆ?”